ಹುಲ್ಲಿಗೆ ಬೆಂಕಿ ಹಚ್ಚುವ ಮುನ್ನ

ಪಪ್ಪಾ,

ಇವತ್ತು ಫಸ್ಟ್ ಇಯರ್ ಪ್ರ್ಯಾಕ್ಟಿಕಲ್ ಬಿಟ್ಟು, ನಿಮ್ಮ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕುಪ್ಪೇಲೂರಿನ ಗುಡ್ಡ ಹತ್ತಿದೆ. ಹಾಸ್ಟೆಲ್ಲಿನಲ್ಲಿದ್ದಾಗ ಪ್ರತಿ ಶಿವರಾತ್ರಿಗೆ ನೀವು ಇಲ್ಲಿಗೆ ಕರೆಯುತ್ತಿದ್ದಿರಿ, ನನಗೆ ಪ್ರತಿ ಸಲ ಟೆಸ್ಟ್ ಇರುತ್ತಿತ್ತು. ಚಳಿಗಾಲ ಕಳೆಯಲು ದೂರದೇಶದಿಂದ ಬರುವ ನಿಮ್ಮ ಹ್ಯಾರಿಯರ್ ಹಕ್ಕಿಗಳು, ಆ ಗಿಡುಗಗಳು, ಇನ್ನೂ ವಾಪಸ್ ಹೋಗಿಲ್ಲ. ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು ಒಣಹುಲ್ಲಿನೊಳಗೆ ಇಳಿದು ನೆಲದ ಮೇಲೆಯೇ ಮಲಗಿದವು.

ಅಷ್ಟರಲ್ಲಿ ಕುರಿ ಕಾಯುವ ಉಡಚಪ್ಪ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಬಂದ. ಹಳೇ ಹುಲ್ಲು ಸುಟ್ಟರೆ ತಾನೇ ಕುರಿಗಳಿಗೆ ಹೊಸದು ಚಿಗುರುವುದು.

"ಕಾಕಾ, ಪ್ಲೀಸ್, ಹಚ್ಚಬ್ಯಾಡ್ರಿ. ಒಳಗ ಹಕ್ಕಿ ಅದಾವ್ರಿ."

"ಸರ್ ಮಗಳೇನವಾ ನೀ? ಇಂಗ್ಲಿಷ್ ಸಾಲ್ಯಾಗ ಹಕ್ಕೀನೂ ಕಲಿಸ್ತಾರೇನು?" ಎಂದು ನನ್ನ ಕೊರಳಲ್ಲಿದ್ದ ನಿಮ್ಮ ಬೈನಾಕ್ಯುಲರ್ ನೋಡಿ ನಕ್ಕ. "ಪ್ರತಿ ವರ್ಷ ಸರ್ ಬಂದು, ಹಕ್ಕಿ ಹೋದ್ವು, ಇನ್ನ ಹಚ್ಚೋ ಉಡಚಾ ಅಂದ ಮ್ಯಾಲೇ ನಾ ಕಡ್ಡಿ ಕೊರೀತಿದ್ದೆ. ಈ ಸಲ ಬರಲೇ ಇಲ್ಲಲ್ಲ. ಎಲ್ಲಿ ಹೋಗ್ಯಾರ?"

ನೀವು ದೀಪಾವಳಿಗೇ ತೀರಿಕೊಂಡದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹಕ್ಕಿಗಳು ಮಲಗಿದ್ದ ಹುಲ್ಲಿನ ಕಡೆ ನೋಡಿದೆ.

"ನಾಳೆ ಬರ್ತಾರ್ರಿ," ಅಂದುಬಿಟ್ಟೆ.

"ಖರೇನ? ಮದ್ಲ ಹೇಳಬಾರದೇನವಾ!" ಅವನ ಮುಖ ಅರಳಿತು. ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿಕೊಂಡ. "ಹಂಗಾರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸ್ಕೊಂಡು ಬರ್ತೇನಿ. ಸರ್ ಅವ್ರಿಗೆ ಭಾಳ ಸೇರತಾವ."

ನಿಮಗೆ ಶೇಂಗಾ ಚಟ್ನಿ ಸೇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಹಕ್ಕಿಗಳು ಇವತ್ತೊಂದು ರಾತ್ರಿ ಉಳಿದವು. ನಾಳೆ ಸಂಜೆ ಅವನು ಬುತ್ತಿ ಹಿಡಿದುಕೊಂಡು ಗುಡ್ಡದ ಮೇಲೆ ನಿಮ್ಮ ದಾರಿ ನೋಡುತ್ತಾನೆ, ಪಪ್ಪಾ. ನಾನೊಬ್ಬಳೇ ಹೇಗೆ ಹತ್ತಲಿ?