ಅಂಟಿಕೊಂಡ ಕೊಬ್ಬು

ಸ್ಯಾಟಲೈಟ್, ಅಹಮದಾಬಾದ್
೧೯ ಫೆಬ್ರವರಿ ೨೦೦೪

ಪ್ರೀತಿಯ ಸುಲೋಚನಕ್ಕನಿಗೆ,

ಇಂದುವಿನ ನಮಸ್ಕಾರಗಳು. ನಿನ್ನ ಮಂಡಿನೋವು ಹೇಗಿದೆ? ದುರ್ಗದಲ್ಲಿ ಆಗಲೇ ಬಿಸಿಲು ಜೋರಾಗಿರಬೇಕು, ಮಧ್ಯಾಹ್ನ ಹೊರಗೆ ಓಡಾಡಬೇಡ. ಇವರು ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು. ಗೋಡೆ ಹಿಡಿದು ಬಾಲ್ಕನಿಯವರೆಗೆ ನಡೆಯುತ್ತಾರೆ, ಕೆಮ್ಮು ಬಂದರೆ ಪಕ್ಕೆಗೆ ದಿಂಬು ಒತ್ತಿಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಒಂದೂವರೆ ತಿಂಗಳು ರಜೆ ಸಿಕ್ಕಿದೆ. ಆಪರೇಷನ್ ಆಯಿತು ಎನ್ನುವುದಷ್ಟೇ ನಿನಗೆ ಗೊತ್ತು. ಆ ದಿನ ನಾನು ಏನಾಗಿದ್ದೆ ಎನ್ನುವುದನ್ನು ನಿನ್ನೊಬ್ಬಳಿಗೇ ಬರೆಯಬಲ್ಲೆ.

ಇವರ ಎಡ ಕಿಡ್ನಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುವುದರಿಂದ ಇಡೀ ಕಿಡ್ನಿ ತೆಗೆದರೆ ಮುಂದೆ ಕಷ್ಟ, ಗಡ್ಡೆಯ ಭಾಗವನ್ನಷ್ಟೇ ಕತ್ತರಿಸುತ್ತೇವೆ ಎಂದಿದ್ದರು ಡಾಕ್ಟರು. ಅದೇ ದಿನ ಅವರ ಕೈಯಲ್ಲೇ ಇನ್ನೊಬ್ಬರಿಗೂ ಇಂಥದ್ದೇ ಆಪರೇಷನ್ ಇತ್ತು. ಕಾಂತಿಭಾಯಿ ಅಂತ, ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಫಿಟ್ಟರು, ಕಡ್ಡಿಯಂಥ ಮನುಷ್ಯ. ಅವರ ಹೆಂಡತಿ ಹಂಸಾಬೆನ್ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬೆಳಗ್ಗೆ ಎಂಟಕ್ಕೆ ಒಳಗೆ ಹೋದ ಕಾಂತಿಭಾಯಿಯನ್ನು ಹತ್ತೂಕಾಲಿಗೆಲ್ಲ ಹೊರಗೆ ತಂದರು. ಕಿಡ್ನಿಯ ಸುತ್ತಲಿನ ಕೊಬ್ಬು ಕಿತ್ತಳೆಯ ಸಿಪ್ಪೆಯ ಹಾಗೆ ಬಿಡಿಸಿಕೊಂಡು ಬಂತಂತೆ, ಗಡ್ಡೆ ಕಣ್ಣೆದುರಿಗೇ ಇತ್ತಂತೆ. ನನಗೂ ಖುಷಿಯಾಯಿತು. ಇವರದೂ ಹಾಗೇ ಅಂದುಕೊಂಡೆ.

ಇವರನ್ನು ಹನ್ನೊಂದಕ್ಕೆ ಕರೆದುಕೊಂಡು ಹೋದರು. ಒಂದೂವರೆಗೆ ಡಾಕ್ಟರೇ ಹೊರಗೆ ಬಂದರು. “ಬೆಹನ್‌ಜೀ, ಕೊಬ್ಬು ಕಿಡ್ನಿಗೆ ಗೋಂದಿನ ಹಾಗೆ ಅಂಟಿಕೊಂಡಿದೆ” ಎಂದರು. ಬಿಡಿಸಲು ಹೋದರೆ ಮೇಲಿನ ತೆಳು ಪೊರೆಯೇ ಕಿತ್ತು ಬಂದು ರಕ್ತ ಜಿನುಗುತ್ತದೆ, ಗಡ್ಡೆಯ ಅಂಚು ಎಲ್ಲಿ ಅಂತ ಕಾಣುತ್ತಿಲ್ಲ, ಆಗದಿದ್ದರೆ ಇಡೀ ಕಿಡ್ನಿ ತೆಗೆಯಬೇಕಾಗುತ್ತದೆ, ಸಹಿ ಹಾಕಿ ಎಂದರು. ತುಪ್ಪ ಹೆಚ್ಚು ಬಡಿಸಿದ್ದೇ ತಪ್ಪಾಯಿತೇ ಎಂದು ಕೇಳಿದೆ. “ಎಷ್ಟು ಕೊಬ್ಬಿದೆ ಅನ್ನುವುದಲ್ಲ, ಹೇಗೆ ಅಂಟಿದೆ ಅನ್ನುವುದು. ತೆಳ್ಳಗಿರುವವರಲ್ಲೂ ಹೀಗಾಗುತ್ತದೆ” ಎಂದು ಒಳಗೆ ಹೋದರು. ನಾನು ಎಲ್ಲಿ ಸಹಿ ಹಾಕಿದೆನೋ ನೆನಪಿಲ್ಲ.

ಆಗ ಹಂಸಾಬೆನ್ ಫ್ಲಾಸ್ಕಿನಿಂದ ಟೀ ಬಗ್ಗಿಸಿ ನನ್ನ ಮುಂದೆ ಹಿಡಿದಳು. ಉಪವಾಸ ಎಂದು ಸುಳ್ಳು ಹೇಳಿದೆ. ಅಕ್ಕ, ಅವಳ ಮುಖ ನೋಡಲಾಗಲಿಲ್ಲ. ಇಬ್ಬರ ಗಂಡಂದಿರಿಗೂ ಒಂದೇ ಗಡ್ಡೆ, ಕೊಯ್ದ ಕೈಯೂ ಒಂದೇ, ಅವಳದು ಮಾತ್ರ ಯಾಕೆ ಅಷ್ಟು ಸಲೀಸಾಗಬೇಕು ಎಂದು ಹೊಟ್ಟೆಯಲ್ಲಿ ಬೆಂಕಿ. ಇವರು ಹೊರಗೆ ಬಂದಾಗ ನಾಲ್ಕು ದಾಟಿತ್ತು. ಕೊಬ್ಬನ್ನು ಚೂರುಚೂರಾಗಿ ಬಿಡಿಸಿ, ಕಿಡ್ನಿಯ ಸುತ್ತ ಮಂಜುಗಡ್ಡೆ ಇಟ್ಟು, ಅದಕ್ಕೆ ರಕ್ತ ಹರಿಯುವುದನ್ನು ತಡೆಹಿಡಿದ ಅರ್ಧ ಗಂಟೆಯೊಳಗೆ ಗಡ್ಡೆ ಕತ್ತರಿಸಿ ಹೊಲಿದಿದ್ದರು. ಕಿಡ್ನಿ ಉಳಿಯಿತು. ಆದರೂ ನನ್ನ ಉರಿ ಆರಲಿಲ್ಲ. ಮಾರನೆಯ ದಿನ ಕಾಂತಿಭಾಯಿ ಎದ್ದು ಕೂತು ಖಿಚಡಿ ತಿಂದರು. ಇವರಿಗೆ ಎರಡು ಬಾಟಲಿ ರಕ್ತ ಕೊಡುತ್ತಿದ್ದರು. ಮೂರನೆಯ ದಿನ ಕಾಂತಿಭಾಯಿಗೆ ಜ್ವರ ಬಂತು ಎಂದು ನರ್ಸ್ ಹೇಳಿದಾಗ ನನ್ನೆದೆ ತಣ್ಣಗಾಯಿತು. ಹೌದು, ತಣ್ಣಗಾಯಿತು. ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಜ್ವರ ಮರುದಿನವೇ ಇಳಿಯಿತು. ಮನೆಗೆ ಹೊರಡುವ ಮುಂಚೆ ಹಂಸಾಬೆನ್ ನಮ್ಮ ಕೋಣೆಗೆ ಬಂದು, ಮಲಗಿದ್ದ ಇವರನ್ನೂ ನನ್ನನ್ನೂ ನೋಡುತ್ತ ಗುಜರಾತಿಯಲ್ಲಿ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ. ನಮ್ಮ ಅಪೂರ್ವಾ ಅವಳಿಗೆ ಬರುವ ಕನ್ನಡದಲ್ಲಿ ಹೇಳಿದಳು: “ಅಮ್ಮ, ಆಂಟಿಗೆ ನಿನ್ನ ನೋಡಿ ಜಲಸಿ ಆಯ್ತಂತೆ. ಪಪ್ಪ ವಾಪಸ್ ಬ್ಯಾಂಕಿಗೆ ಹೋಗಿ ಚೇರ್ ಮೇಲೆ ಕೂತ್ರೆ ಆಯ್ತು. ಅಂಕಲ್ ಭಾರ ಎತ್ತಬಾರ್ದಂತೆ, ಫ್ಯಾಕ್ಟರಿಯವ್ರು ಇಟ್ಕೊಳ್ತಾರೋ ಇಲ್ವೋ ಅಂತೆ.” ಹಂಸಾಬೆನ್ ನಗಲೂ ಇಲ್ಲ, ಅಳಲೂ ಇಲ್ಲ. ನನಗೂ ನಿನ್ನ ಮೇಲೆ ಹಾಗೇ ಆಯಿತು ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅವಳಿಗೆ ತಿಳಿಯಿತು. ಮಂಚದ ತುದಿಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟೆ.

ನಿನ್ನೆ ರಿಪೋರ್ಟು ಬಂತು. ಗಡ್ಡೆ ಕೆಟ್ಟದ್ದೇ, ಆದರೆ ಪೂರ್ತಿ ಬಂದಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಭಾವನವರಿಗೆ ನಮ್ಮಿಬ್ಬರ ನಮಸ್ಕಾರ. ಅಪೂರ್ವಾಳಿಗೆ ನಿನ್ನ ಆಶೀರ್ವಾದ ಇರಲಿ.

ನಿನ್ನ ತಂಗಿ,
ಇಂದುಮತಿ

ಮತ್ತೊಂದು ಮಾತು: ಅಪೂರ್ವಾ ಕಾಗದವನ್ನು ಅಂಚೆ ಡಬ್ಬಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಹೋದ ಭಾನುವಾರ ಫೋನು ತಾನಾಗಿ ಕಟ್ಟಾಗಲಿಲ್ಲ ಅಕ್ಕ. ಭಾವ ದಿನಾ ಕೋಟೆಯವರೆಗೆ ನಡೆಯುತ್ತಾರೆ, ಒಂದು ಮಾತ್ರೆಯೂ ಇಲ್ಲ ಎಂದು ನೀನು ಹೇಳುತ್ತಿದ್ದೆ. ನಾನೇ ಇಟ್ಟುಬಿಟ್ಟೆ. ಅದಕ್ಕೆ ಮುಂಚೆ, ಬರಲೇ ಎಂದು ನೀನು ಕೇಳಿದ್ದಕ್ಕೆ ಬೇಡ ಎಂದಿದ್ದೂ ಇದೇ ಉರಿಗೆ. ಬಾ. ಭಾವನನ್ನೂ ಕರೆದುಕೊಂಡು ಬಾ.