ಕಿಟಕಿಯ ಬಿಳಿ ಚುಕ್ಕೆ

ಜೂನ್ ೧೪, ಶನಿವಾರ

ಆ ಬಿಳಿ ಚುಕ್ಕೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಅಮ್ಮ ಹಾಸಿಗೆ ಹಿಡಿದ ಮೇಲೆ ನನ್ನ ಪಾಲಿಗೆ ಉಳಿದಿರುವುದು ಹಿತ್ತಲಿನ ಕೊಳ, ಅದೂ ಬೆಳಿಗ್ಗೆ ಅರ್ಧ ಗಂಟೆ. ಇಂದು ಜೊಂಡಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆಯಂಥದೇ, ಸೂಜಿಯಷ್ಟು ತೆಳ್ಳಗಿನ ನೀಲಿ ಡ್ಯಾಮ್ಸೆಲ್‌ಫ್ಲೈ ಕೂತಿತ್ತು. ಉಸಿರು ಬಿಗಿಹಿಡಿದು ಕ್ಯಾಮೆರಾ ಫೋಕಸ್ ಮಾಡಿದರೆ, ಅದರ ರೆಕ್ಕೆಯ ಹಿಂದೆಯೇ ಅಮ್ಮನ ಹಾಸಿಗೆ ಪಕ್ಕದ ಕಿಟಕಿ. ಅಲ್ಲಿ ಮಸುಕಾಗಿ ಏನೋ ಬೆಳ್ಳಗೆ ಅಲುಗಾಡುತ್ತಿತ್ತು. ಹಾಳಾದ್ದು, ಪರದೆಯಿರಬೇಕು ಎಂದು ಬೈದುಕೊಂಡು ಅರ್ಧ ಹೆಜ್ಜೆ ಎಡಕ್ಕೆ ಸರಿದೆ. ಕಿಟಕಿ ಪೊದೆಯ ಮರೆಗೆ ಹೋಯಿತು. ಹಿನ್ನೆಲೆ ಹಸಿರೋ ಹಸಿರು. ನಲವತ್ತು ಫೋಟೋ ತೆಗೆದೆ.

ಒಳಗೆ ಬಂದರೆ ಅಮ್ಮ ನೆಲದ ಮೇಲೆ, ಮುಷ್ಟಿಯಲ್ಲಿ ಬಿಳಿ ಟವೆಲ್. ಬಚ್ಚಲಿಗೆ ತಾನೇ ಹೋಗಲು ನೋಡಿದ್ದಾಳೆ.

“ಎಷ್ಟೊತ್ತು ಬೀಸಿದೆ ಕಣೇ. ನೀನು ಈ ಕಡೆನೇ ನೋಡ್ತಿದ್ದೆ, ಆಮೇಲೆ ಸರ್ಕೊಂಡ್‌ಬಿಟ್ಟೆ.”

ಮೂಳೆ ಮುರಿದಿಲ್ಲ. ಬೈದಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ.

“ಬಿಳಿ ಅಷ್ಟು ದೂರಕ್ಕೆ ಕಾಣಲ್ವೇನೋ. ನಾಳೆಯಿಂದ ಕೆಂಪುದು ಕೊಡು,” ಅಂದಳು.

ಕೆಂಪು ಟವೆಲ್ ಅವಳ ದಿಂಬಿನ ಪಕ್ಕ ಇಟ್ಟು ಬಂದಿದ್ದೇನೆ. ಫೋಟೋದಲ್ಲಿ ಕೆಂಪು ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಕೊಳದ ಈಚೆ ದಡದಲ್ಲಿ, ಮನೆಗೆ ಬೆನ್ನು ಹಾಕಿ ಕೂತರೆ ಕಿಟಕಿ ಫ್ರೇಮಿಗೇ ಬರುವುದಿಲ್ಲ ಎಂದು ಆಗಲೇ ಯೋಚಿಸುತ್ತಿದ್ದೇನೆ…