ರಿಕ್‌ವುಡ್ ಮೈದಾನದಲ್ಲಿ ಅಪ್ಪನ ನಡಿಗೆ

ಬರ್ಮಿಂಗ್‌ಹ್ಯಾಮ್, ಅಲಬಾಮಾ
ಜೂನ್ 10, 1996, ಸೋಮವಾರ

ಪ್ರೀತಿಯ ತಮ್ಮ ಹೊರೇಸ್‌ಗೆ,

ಮೊಣಕಾಲು ನೋವು ಹೇಗಿದೆ? ಡೆಟ್ರಾಯಿಟ್‌ನಲ್ಲಿ ಚಳಿ ಹೋಗಿರಬೇಕು, ಇನ್ನಾದರೂ ದಿನಾ ನಾಲ್ಕು ಹೆಜ್ಜೆ ನಡೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನೆ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಫೋನ್ ಎತ್ತಿ, ಅರ್ಧ ನಂಬರ್ ಒತ್ತಿ, ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ಹುಟ್ಟಿ ಬೆಳೆದದ್ದು ಇದೇ ಊರಲ್ಲಾದರೂ ರಿಕ್‌ವುಡ್ ಮೈದಾನಕ್ಕೆ ನಾನು ಕಾಲಿಟ್ಟಿದ್ದು ನಿನ್ನೆಯೇ ಮೊದಲು. ಅಪ್ಪ ಅಲ್ಲಿ ನಮ್ಮ ಕಪ್ಪು ಜನರ ತಂಡಕ್ಕೆ ಬೇಸ್‌ಬಾಲ್ ಆಡುತ್ತಿದ್ದರೂ ಅಮ್ಮ ನಮ್ಮನ್ನು ಆ ಕಡೆ ಸುಳಿಯಗೊಡಲಿಲ್ಲವಲ್ಲ. 'ಅದು ಕುಡುಕರ ಜಾಗ' ಎಂದರೆ ಮುಗಿಯಿತು. ನಿನ್ನೆ ಪಂದ್ಯಕ್ಕೆ ಮೊದಲು ಹಳೆಯ ಆಟಗಾರರಿಗೆ ಸನ್ಮಾನವಿತ್ತು, ನನ್ನ ಮಗಳು ಶಾರ್ಲೀನ್ ಹಟ ಹಿಡಿದು ಕರೆದುಕೊಂಡು ಹೋದಳು. ಹಿಂದೆ ಬಿಳಿಯರ ಪಂದ್ಯಗಳಿಗೆ ನಮ್ಮವರನ್ನು ಕೂರಿಸುತ್ತಿದ್ದ ಬಲಬದಿಯ ಮೂಲೆಯಲ್ಲಲ್ಲ, ಮುಂದಿನ ಸಾಲಿನಲ್ಲೇ ಕೂತೆವು. ಹುರಿದ ಕಡಲೆಕಾಯಿ ಬಿಡಿಸುತ್ತಿದ್ದೆ, ಆಗ ಮೈಕಿನಲ್ಲಿ ಕೂಗಿದರು: 'ದಿವಂಗತ ಓಟಿಸ್ ಟಾರ್ವರ್ ಅವರ ಪರವಾಗಿ, ಅವರ ಮಗ!'

ಹೇಳದೆ ಕೇಳದೆ ನೀನೇ ಬಂದುಬಿಟ್ಟೆ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದೆ, ಹೊರೇಸ್! ಮೈದಾನಕ್ಕೆ ಬಂದವನು ನೀನಲ್ಲ. ಆದರೆ ಆ ನಡಿಗೆ, ಎಡ ಭುಜ ಸ್ವಲ್ಪ ತಗ್ಗಿಸಿ ಬರುವ ಆ ರೀತಿ, ಥೇಟ್ ಅಪ್ಪ. ಕಡಲೆಕಾಯಿಯೆಲ್ಲ ನೆಲದ ಪಾಲಾಯಿತು. 'ಅಮ್ಮಾ, ಬಾಯಿ ಮುಚ್ಕೋ, ನೊಣ ಹೋದಾತು' ಎಂದಳು ಶಾರ್ಲೀನ್. ಅವಳಿಗೇನು ಗೊತ್ತು!

ಮೆಟ್ಟಿಲಿಳಿದು ನೇರ ಅವನ ಮುಂದೆ ಹೋಗಿ ನಿಂತೆ. 'ಯಾವನೋ ನೀನು? ನಮ್ಮಪ್ಪನ ಹೆಸರು ಹೇಳ್ಕೊಂಡು ಬಂದಿದ್ದೀಯಲ್ಲ?' ಅವನು ಟೋಪಿ ತೆಗೆದ. 'ಅರ್ನೆಸ್ಟೀನಕ್ಕ ಅಲ್ವಾ ನೀವು? ನಾನು ವೆಂಡೆಲ್. ಅಪ್ಪ ತೀರ್ಕೊಂಡಾಗ ಚರ್ಚಲ್ಲಿ ಕೊನೇ ಬೆಂಚಲ್ಲಿ ನಾನೂ ಕೂತಿದ್ದೆ. ನಿಮ್ಮನೇಲಿ ಕಾರ್ಖಾನೇಲಿ ರಾತ್ರಿ ಪಾಳಿ ಅಂತ ಹೇಳ್ತಿದ್ರಲ್ಲ, ಆವಾಗೆಲ್ಲ ನಮ್ಮನೇಲಿ ಇರ್ತಿದ್ರು.'

ಕೆನ್ನೆಗೆ ಬಾರಿಸಬೇಕೆನಿಸಿತು, ತಮ್ಮಾ. 'ನಮ್ಮಮ್ಮನಿಗೆ ಗೊತ್ತಿದ್ದಿದ್ರೆ ಸತ್ತೇ ಹೋಗ್ತಿದ್ಲು' ಎಂದೆ. ಅವನು ತಲೆ ತಗ್ಗಿಸಿ, 'ಅವರಿಗೆ ಗೊತ್ತಿತ್ತಕ್ಕ. ನಮ್ಮಮ್ಮ ಪಂದ್ಯ ನೋಡೋಕೆ ಇಲ್ಲಿಗೇ ಬರ್ತಿದ್ಲು, ಅದಕ್ಕೇ ನಿಮ್ಮನ್ನ ಬಿಡ್ತಿರಲಿಲ್ಲ. ನಾನಿನ್ನೂ ಹುಡುಗ, ನಮ್ಮಮ್ಮ ಸತ್ತಾಗ ಮಣ್ಣಿಗೆ ಹೋಗೋಕೆ ನನಗೆ ಒಳ್ಳೇ ಬಟ್ಟೆ ಇರಲಿಲ್ಲ. ನಿಮ್ಮಮ್ಮನೇ ಬಂದು ಕಂದು ಕೋಟು ತೊಡಿಸಿ, ಅದರ ಗುಂಡೀನೂ ಹಾಕಿ ಹೋದ್ರು' ಎಂದ.

ನಿನ್ನ ಕೋಟು, ಹೊರೇಸ್. ಬಸ್ಸಿನಲ್ಲಿ ಕಳೆದೆಯೆಂದು ಅಮ್ಮ ನಿನಗೆ ಬೈದೇ ಬೈದಳಲ್ಲ, ನೀನು ಅಳುತ್ತಾ ಬಸ್ ನಿಲ್ದಾಣದವರೆಗೂ ಹುಡುಕಿಕೊಂಡು ಹೋದೆಯಲ್ಲ, ಅದೇ. ವೆಂಡೆಲ್ ನನ್ನ ತೋಳು ಹಿಡಿದು ಕೂರಿಸಿ ನೀರು ಕುಡಿಸಿದ. ಪಂದ್ಯ ಯಾರು ಗೆದ್ದರೋ ತಿಳಿಯದು. ನಾವಿಬ್ಬರೂ ಮುಗಿಯುವವರೆಗೂ ಪಕ್ಕಪಕ್ಕದಲ್ಲೇ ಕೂತಿದ್ದೆವು.

ಅಪ್ಪನ ಮೇಲೆ ಸಿಟ್ಟು ಕುದಿಯುತ್ತಿದೆ. ಅಮ್ಮನನ್ನು ನೆನೆದರೆ ಏನೂ ತೋಚುವುದಿಲ್ಲ. ಒಬ್ಬಳೇ ಹೇಗೆ ನುಂಗಿಕೊಂಡಳೋ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಕ್ಕ,
ಅರ್ನೆಸ್ಟೀನ್

ಮರೆತೆ: ವೆಂಡೆಲ್ ಇವತ್ತೇ ಡೆಟ್ರಾಯಿಟ್‌ಗೆ, ಮಗಳ ಮನೆಗೆ ಹೊರಟ. ನಿನ್ನ ವಿಳಾಸ ಕೊಟ್ಟಿದ್ದೇನೆ. ಈ ಪತ್ರಕ್ಕಿಂತ ಮೊದಲೇ ಬಾಗಿಲು ತಟ್ಟಿದರೂ ತಟ್ಟಿಯಾನು. ಕೂಗಾಡುವುದಿದ್ದರೆ ಕೂಗಾಡು. ಆದರೆ ಒಳಗೆ ಕರೆದು, ಕೂರಿಸಿ ಕೂಗಾಡು.